ಮಳೆ, ಬೆಳೆ, ಡೇಟಾ ಸೈನ್ಸ್: ಪಿಎಚ್‌ಡಿ ಮಾಡಬೇಕು ಅನ್ನುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕರ್ನಾಟಕದ ಒಂದು ವಿಶ್ವವಿದ್ಯಾಲಯದಲ್ಲಿ ಡೇಟಾ ಸೈನ್ಸ್ ಪಾಠ ಮಾಡುತ್ತೇನೆ. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಗೈಡ್ ಕೂಡ ಹೌದು. ಪ್ರವೇಶದ ಅಧಿಸೂಚನೆ ಬಂತು ಅಂದರೆ ಸಾಕು, ಫೋನ್‌ನಲ್ಲಿ, ಮೇಲ್‌ನಲ್ಲಿ, ಕಾರಿಡಾರ್‌ನಲ್ಲಿ ಅವೇ ಪ್ರಶ್ನೆಗಳು ಶುರುವಾಗುತ್ತವೆ. ಕೆಲವರು ದೂರದ ಊರಿನಿಂದ ಬೆಳಗಿನ ಬಸ್ ಹತ್ತಿ ಬರುತ್ತಾರೆ. ಬಾಗಿಲ ಹೊರಗೆ ಒಂದು ಗಂಟೆ ಕಾಯುತ್ತಾರೆ. ಐದು ನಿಮಿಷದ ಪ್ರಶ್ನೆ ಕೇಳಿ ವಾಪಸ್ ಹೋಗುತ್ತಾರೆ. ಅದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅವರ ಬಸ್ ಚಾರ್ಜ್ ಉಳಿಯಲಿ ಅಂತ ಇದನ್ನು ಬರೆದಿದ್ದೇನೆ.

ಮೇಡಂ, ನಿಮ್ಮ ಸಂಶೋಧನೆ ಯಾವುದರ ಬಗ್ಗೆ?

ಮಳೆ ಮತ್ತು ಬೆಳೆಯ ಇಳುವರಿ ಬಗ್ಗೆ. ಜುಲೈ ಕೊನೆಯ ಹೊತ್ತಿಗೆ ಬಿದ್ದ ಮಳೆ ನೋಡಿ, ಆ ಹೋಬಳಿಯಲ್ಲಿ ರಾಗಿ ಎಷ್ಟು ಬರಬಹುದು ಅಂತ ಹೇಳಲು ಆಗುತ್ತಾ? ಆಗುವುದಾದರೆ ಎಷ್ಟು ನಂಬಿಕೆಯಿಂದ ಹೇಳಬಹುದು? ನಮ್ಮ ಗುಂಪಿನ ಹೆಚ್ಚಿನ ಕೆಲಸ ಈ ಎರಡು ಪ್ರಶ್ನೆಗಳ ಸುತ್ತ ನಡೆಯುತ್ತದೆ. ನನಗೆ ಎರಡನೆಯದೇ ಮುಖ್ಯ. "ಹೆಕ್ಟೇರಿಗೆ ಇಷ್ಟು ಬರುತ್ತದೆ" ಅಂತ ಒಂದೇ ಅಂಕಿ ಕೊಡುವುದು ಸುಲಭ. ಆ ಅಂಕಿ ಎಷ್ಟು ಅಲ್ಲಾಡಬಹುದು ಅಂತ ಹೇಳಲು ನಿಜವಾದ ಕೆಲಸ ಬೇಕು.

ಕರ್ನಾಟಕ ಈ ಕೆಲಸಕ್ಕೆ ಕಷ್ಟದ ಜಾಗ. ಅದಕ್ಕೇ ಇಷ್ಟ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಘಟ್ಟ ಬಿಟ್ಟು ಪೂರ್ವಕ್ಕೆ ಚಳ್ಳಕೆರೆ ಕಡೆ ಹೋದರೆ 500 ಮಿಲಿಮೀಟರ್ ಆಸುಪಾಸು. ಭಾರತ ಹವಾಮಾನ ಇಲಾಖೆ 1901ರಿಂದ ಈಚಿನ ದಿನವಹಿ ಮಳೆಯನ್ನು ಭೂಪಟದ ಚೌಕಗಳಾಗಿ, ಚೌಕಕ್ಕೆ ಒಂದು ಅಂಕಿಯಂತೆ, ಕೊಡುತ್ತದೆ. ಒಂದು ಚೌಕದ ಅಗಲ ಕಾಲು ಡಿಗ್ರಿ. ನೆಲದ ಮೇಲೆ ಅಳೆದರೆ ಸುಮಾರು 27 ಕಿಲೋಮೀಟರ್. ಘಟ್ಟದ ಅಂಚಿನಲ್ಲಿ ಅಷ್ಟು ದೂರದೊಳಗೆ ಮಳೆ ಅರ್ಧಕ್ಕಿಂತ ಕಡಿಮೆ ಆಗಿಬಿಡಬಹುದು. ಇಡೀ ಚೌಕಕ್ಕೆ ಒಂದೇ ಅಂಕಿ ಹಾಕಿದರೆ ಅದು ಯಾರ ಹೊಲದ ಮಳೆ?

ಇದು ಕೃಷಿ ವಿಷಯ ಅಲ್ವಾ? ಡೇಟಾ ಸೈನ್ಸ್ ಎಲ್ಲಿ ಬಂತು?

ನಮ್ಮ ದೇಶದಲ್ಲಿ ಅಂಕಿಗಳಿಂದ ಅಂದಾಜು ತೆಗೆಯುವ ಈ ವಿದ್ಯೆ ಬೆಳೆದದ್ದೇ ಹೊಲದಲ್ಲಿ. ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ 1931ರಲ್ಲಿ ಕಲ್ಕತ್ತಾದಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದರು. ಆ ದಶಕದ ಕೊನೆಗೆ ಬಂಗಾಳದಲ್ಲಿ ಎಷ್ಟು ಜಾಗದಲ್ಲಿ ಸೆಣಬು ಬೆಳೆದಿದ್ದಾರೆ ಅಂತ ಲೆಕ್ಕ ಹಾಕುವ ಕೆಲಸ ಹಿಡಿದರು. ಎಲ್ಲ ಹೊಲಕ್ಕೂ ಹೋಗದೆ, ಆಯ್ದ ಕೆಲವಕ್ಕೆ ಹೋಗಿ ಒಟ್ಟು ಲೆಕ್ಕ ತೆಗೆದರು. ಅವರು ಮಾಡಿದ ಒಂದು ಉಪಾಯ ನನಗೆ ಬಹಳ ಇಷ್ಟ. ಒಂದೇ ಪ್ರದೇಶಕ್ಕೆ ಎರಡು ತಂಡಗಳನ್ನು ಬೇರೆ ಬೇರೆಯಾಗಿ ಕಳಿಸುತ್ತಿದ್ದರು. ಎರಡು ತಂಡದ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅಳೆಯುವವರ ತಪ್ಪು ಎಷ್ಟು ಅಂತ ಗೊತ್ತಾಗುತ್ತದೆ. ಅಂಕಿಗಿಂತ ಮೊದಲು, ಅಂಕಿ ತಂದವರ ಕೆಲಸವನ್ನು ಅಳೆದರು.

ಅದೇ ಸಂಸ್ಥೆಯಲ್ಲಿ ಕೆಲಸ ಮಾಡಿದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, 1920ರಲ್ಲಿ. 1945ರಲ್ಲಿ, 25 ವರ್ಷದ ಹುಡುಗ, ಒಂದು ಲೇಖನ ಬರೆದರು. ಇಂತಿಷ್ಟು ಡೇಟಾ ಇದ್ದರೆ ನಿಮ್ಮ ಅಂದಾಜು ಇದಕ್ಕಿಂತ ನಿಖರ ಆಗಲಾರದು ಅಂತ ಒಂದು ಗೆರೆ ಎಳೆದು ತೋರಿಸಿದರು. ಜಗತ್ತು ಅದನ್ನು ಕ್ರಾಮರ್-ರಾವ್ ಮಿತಿ ಅಂತ ಕರೆಯುತ್ತದೆ. 2023ರಲ್ಲಿ ಅವರಿಗೆ ಸಂಖ್ಯಾಶಾಸ್ತ್ರದ ಅಂತಾರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು. ಹಡಗಲಿ ಕಡೆಯ ವಿದ್ಯಾರ್ಥಿ ಯಾರಾದರೂ ಕ್ಲಾಸಿಗೆ ಬಂದರೆ ಈ ಮಾತನ್ನು ಖಂಡಿತ ಹೇಳುತ್ತೇನೆ. ಅವರ ಮುಖ ನೋಡಬೇಕು ಆಗ.

ಪಿಎಚ್‌ಡಿ ವಿದ್ಯಾರ್ಥಿಗಳನ್ನು ಹೊಲಕ್ಕೆ ಕಳಿಸುತ್ತೀರಂತೆ. ಯಾಕೆ?

ಹೌದು, ಕಳಿಸುತ್ತೇನೆ. ಮೊದಲ ವರ್ಷದಲ್ಲಿ ಒಂದು ಸಲವಾದರೂ ಬೆಳೆ ಕಟಾವು ಪ್ರಯೋಗ ನೋಡಿ ಬರಬೇಕು. ಈ ನಿಯಮವನ್ನು ಯಾರಿಗೂ ಸಡಿಲ ಮಾಡಿಲ್ಲ.

ಇಳುವರಿಯ ಫೈಲ್‌ನಲ್ಲಿ ಒಂದು ಸಾಲು ಇರುತ್ತದೆ. ಗ್ರಾಮ ಪಂಚಾಯಿತಿ, ಬೆಳೆ, ಹೆಕ್ಟೇರಿಗೆ ಇಷ್ಟು ಕೆಜಿ. ಆ ಸಾಲು ಎಲ್ಲಿಂದ ಬಂತು? ಲಾಟರಿ ಎತ್ತಿದ ಹಾಗೆ ಸರ್ವೆ ನಂಬರ್ ಆರಿಸುತ್ತಾರೆ. ಆ ಹೊಲದಲ್ಲಿ ಎಲ್ಲಿ ಗೂಟ ಹೊಡೆಯಬೇಕು ಅಂತಲೂ ಅದೇ ರೀತಿ ನಿರ್ಧಾರ ಆಗುತ್ತದೆ. ಆಮೇಲೆ ಹಗ್ಗ ಹಿಡಿದು 5 ಮೀಟರ್ ಉದ್ದ, 5 ಮೀಟರ್ ಅಗಲದ ಒಂದು ಚೌಕ ಗುರುತು ಮಾಡುತ್ತಾರೆ. ಅದರೊಳಗಿನ ಬೆಳೆ ಕೊಯ್ದು, ಬಡಿದು, ತೂರಿ, ತೂಕ ಹಾಕುತ್ತಾರೆ. ಪ್ರಧಾನ ಮಂತ್ರಿ ಫಸಲ್ ಬಿಮಾದಲ್ಲಿ ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಇಂಥ 4 ಪ್ರಯೋಗ ಆಗಬೇಕು. ಆ ಪಂಚಾಯಿತಿಯ ರೈತರಿಗೆ ವಿಮೆ ಹಣ ಬರುತ್ತದೋ ಇಲ್ಲವೋ ಅನ್ನುವುದು ಈ ನಾಲ್ಕು ತೂಕದ ಮೇಲೆ ನಿಂತಿರುತ್ತದೆ.

ಈಗ ಲೆಕ್ಕ ಹಾಕಿ. ಚೌಕ 25 ಚದರ ಮೀಟರ್. ಹೆಕ್ಟೇರ್ ಅಂದರೆ 10,000 ಚದರ ಮೀಟರ್. ಹಾಗಾಗಿ ತೂಕವನ್ನು 400ರಿಂದ ಗುಣಿಸುತ್ತಾರೆ. ತಕ್ಕಡಿಯಲ್ಲಿ 100 ಗ್ರಾಂ ಹೆಚ್ಚು ಕಡಿಮೆ ಆದರೆ ಫೈಲ್‌ನಲ್ಲಿ ಹೆಕ್ಟೇರಿಗೆ 40 ಕೆಜಿ ಹೆಚ್ಚು ಕಡಿಮೆ. ಹಗ್ಗ ಸುತ್ತಲೂ 10 ಸೆಂಟಿಮೀಟರ್ ಆಚೆ ಹೋಯಿತು ಅಂದುಕೊಳ್ಳಿ. ಚೌಕ 5.2 ಮೀಟರ್ ಆಗುತ್ತದೆ. 27 ಚದರ ಮೀಟರ್ ಚಿಲ್ಲರೆ. ಇಳುವರಿ ಸುಮ್ನೆ ಶೇ 8 ಜಾಸ್ತಿ ಆಗಿಬಿಟ್ಟಿತು! ಅಂಚಿನಲ್ಲಿರುವ ಗಿಡವನ್ನು ಒಳಗೆ ಸೇರಿಸಬೇಕಾ, ಬಿಡಬೇಕಾ ಅನ್ನುವ ಗೊಂದಲ ಬೇರೆ. ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ 1940ರ ದಶಕದಲ್ಲೇ ತೋರಿಸಿದ್ದರು. ಚೌಕ ಚಿಕ್ಕದಾದಷ್ಟೂ ಇಳುವರಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಚಿಕ್ಕ ಚೌಕದಲ್ಲಿ ಅಂಚಿನ ಪಾಲು ದೊಡ್ಡದು, ಅದಕ್ಕೆ.

ಇದನ್ನೆಲ್ಲ ನಾನು ಬೋರ್ಡ್ ಮೇಲೆ ಬರೆದು ಹೇಳಬಹುದು, ಹೇಳುತ್ತೇನೆ ಕೂಡ. ಆದರೆ ಬಿಸಿಲಲ್ಲಿ ನಿಂತು ಹಗ್ಗದ ಒಂದು ತುದಿ ಹಿಡಿದವರು ಅದನ್ನು ಮರೆಯುವುದಿಲ್ಲ. ಒಬ್ಬ ವಿದ್ಯಾರ್ಥಿನಿ ಶೇಂಗಾ ಕಟಾವು ನೋಡಿ ಬಂದು ಹೇಳಿದಳು: "ಮೇಡಂ, ಆ ಅಜ್ಜ ತೂಕ ಹಾಕುವಾಗ ಉಸಿರು ಬಿಗಿಹಿಡಿದು ನಿಂತಿದ್ರು." ಆಮೇಲೆ ಆಕೆಯ ಕೋಡ್‌ನಲ್ಲಿ ಒಂದು ಸಾಲನ್ನೂ ಕಾರಣ ಬರೆಯದೆ ತೆಗೆದದ್ದು ನಾನು ನೋಡಿಲ್ಲ.

ನೀವು ಡೇಟಾದಲ್ಲಿ ತಪ್ಪು ಮಾಡಿದ್ದೀರಾ?

ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಳೆ ಫೈಲ್ ಸಿಕ್ಕಿತ್ತು. ಕೆಲವು ದಿನಗಳ ಜಾಗ ಖಾಲಿ ಇತ್ತು. ಅಂದು ಮಳೆ ಅಳೆದಿರಲಿಲ್ಲ, ಅಷ್ಟೇ. ನಾನು ಬರೆದ ಕೋಡ್ ಆ ಖಾಲಿಯನ್ನೆಲ್ಲ ಸೊನ್ನೆ ಅಂತ ಓದಿಕೊಂಡಿತು. ಒಂದು ತಾಲ್ಲೂಕಿನಲ್ಲಿ ಘೋರ ಬರ ಬಂದ ಹಾಗೆ ಕಂಡಿತು. ಅದನ್ನು ಒಂದು ಸಭೆಯಲ್ಲಿ ಹೇಳಿಯೂ ಬಿಟ್ಟೆ. ಆ ತಾಲ್ಲೂಕಿನವರೇ ಆದ ಒಬ್ಬರು ಎದ್ದು, "ಆ ವರ್ಷ ನಮ್ಮೂರ ಕೆರೆ ಕೋಡಿ ಬಿದ್ದಿತ್ತಲ್ಲ" ಅಂದರು. ಮನೆಗೆ ಬಂದು ರಾತ್ರಿಯಿಡೀ ಹುಡುಕಿದೆ. ತಪ್ಪು ಸಿಕ್ಕಿತು. ಮರುದಿನ ಎಲ್ಲರಿಗೂ ಪತ್ರ ಬರೆದೆ.

ಇದನ್ನು ಪ್ರತಿ ಬ್ಯಾಚ್‌ಗೂ ಹೇಳುತ್ತೇನೆ. ಸೊನ್ನೆ ಅಂದರೆ ಅಳೆದೆವು, ಮಳೆ ಇರಲಿಲ್ಲ. ಖಾಲಿ ಅಂದರೆ ಅಳೆಯಲೇ ಇಲ್ಲ. ಇನ್ನು ಕೆಲವು ಫೈಲ್‌ಗಳಲ್ಲಿ ಖಾಲಿ ಜಾಗಕ್ಕೆ ಮೈನಸ್ 999 ಅಂತ ಹಾಕಿರುತ್ತಾರೆ. ಅದನ್ನು ಗಮನಿಸದೆ ಸರಾಸರಿ ತೆಗೆದರೆ ಮಳೆ ಭೂಮಿಯಿಂದ ಆಕಾಶಕ್ಕೆ ಸುರಿದ ಹಾಗೆ ಆಗುತ್ತದೆ.

ದಿನಾಂಕದಲ್ಲೂ ಹೀಗೇ ಮೋಸ ಹೋಗುತ್ತೇವೆ. ಹವಾಮಾನ ಇಲಾಖೆಯ ಮಳೆ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಸೋಮವಾರ ಸಂಜೆ ಸುರಿದ ಮಳೆ ಮಂಗಳವಾರದ ಲೆಕ್ಕಕ್ಕೆ ಹೋಗುತ್ತದೆ. ಇದು ಗೊತ್ತಿಲ್ಲದೆ ಮಳೆಯನ್ನೂ ಉಪಗ್ರಹದ ಚಿತ್ರವನ್ನೂ ಜೋಡಿಸಿದರೆ ಎಲ್ಲವೂ ಒಂದು ದಿನ ಆಚೀಚೆ.

ಪಿಎಚ್‌ಡಿ ಸೇರಲು ಏನೇನು ಬೇಕು?

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮದ ಪ್ರಕಾರ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಬೇಕು. ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲರು, ಆರ್ಥಿಕವಾಗಿ ಹಿಂದುಳಿದವರಿಗೆ ಶೇ 5 ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿ ಮಾಡಿ ಶೇ 75 ತೆಗೆದವರು ನೇರವಾಗಿ ಸೇರಬಹುದು. ಸೇರಿದ ಮೇಲೆ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್, ಅಂದರೆ ಕ್ಲಾಸಿನಲ್ಲಿ ಕೂತು ಓದುವ ವಿಷಯಗಳು. ಒಟ್ಟು ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6. ಪ್ರವೇಶ ಪರೀಕ್ಷೆ, ಸಂದರ್ಶನ, ಮೀಸಲಾತಿ, ಶುಲ್ಕ ಇವೆಲ್ಲ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ನೀವು ಸೇರುವ ಕಡೆಯ ಅಧಿಸೂಚನೆಯನ್ನು ಮೊದಲಿಂದ ಕೊನೆವರೆಗೆ ಓದಿ. ಅಣ್ಣಂದಿರು, ಅಕ್ಕಂದಿರು ಹೇಳಿದ್ದನ್ನು ಮಾತ್ರ ನಂಬಿ ಕೂತರೆ ತಾರೀಖು ತಪ್ಪಿಹೋಗುತ್ತದೆ.

"ನಮ್ಮ ಹತ್ತಿರ ಸೀಟ್ ಇಲ್ಲ" ಅಂತ ಯಾಕೆ ಹೇಳುತ್ತೀರಿ?

ಯುಜಿಸಿಯ ಅದೇ ನಿಯಮದಲ್ಲಿ ಮಿತಿ ಇದೆ. ಒಂದು ಹೊತ್ತಿಗೆ ಪ್ರೊಫೆಸರ್‌ಗೆ 8, ಅಸೋಸಿಯೇಟ್ ಪ್ರೊಫೆಸರ್‌ಗೆ 6, ಅಸಿಸ್ಟೆಂಟ್ ಪ್ರೊಫೆಸರ್‌ಗೆ 4 ವಿದ್ಯಾರ್ಥಿಗಳು. ನಾನು ಅದಕ್ಕಿಂತಲೂ ಕಡಿಮೆ ತೆಗೆದುಕೊಳ್ಳುತ್ತೇನೆ. ಪ್ರತಿಯೊಬ್ಬರ ಕೋಡ್ ಅನ್ನೂ ಕೂತು ಓದಬೇಕು. ಐದಕ್ಕಿಂತ ಹೆಚ್ಚು ಜನರಿದ್ದರೆ ನನ್ನಿಂದ ಅದು ಆಗುವುದಿಲ್ಲ.

ಗೇಟ್ ಬರೆಯಬೇಕಾ, ನೆಟ್ ಬರೆಯಬೇಕಾ, ಕೆ-ಸೆಟ್ ಸಾಕಾ?

ಫೆಲೋಶಿಪ್ ಬೇಕಿದ್ದರೆ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ ಬರೆದು ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತೆಗೆಯಿರಿ. ಕಂಪ್ಯೂಟರ್ ಓದಿದವರಿಗೆ ಯುಜಿಸಿ ನೆಟ್‌ನಲ್ಲಿ ಆ ವಿಷಯ ಇದೆ. ಸಂಖ್ಯಾಶಾಸ್ತ್ರ, ಗಣಿತ ಓದಿದವರಿಗೆ ಸಿಎಸ್‌ಐಆರ್ ನೆಟ್‌ನ ಗಣಿತ ವಿಜ್ಞಾನ ಹೊಂದುತ್ತದೆ. ಗೇಟ್‌ನಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಅಂತಲೇ ಬೇರೆ ಪತ್ರಿಕೆ ಇದೆ. ಅದರ ಪಠ್ಯಕ್ರಮ ಚೆನ್ನಾಗಿದೆ. ಪರೀಕ್ಷೆ ಬರೆಯದಿದ್ದರೂ ಓದಿಕೊಳ್ಳಲು ಅದನ್ನೇ ಇಟ್ಟುಕೊಳ್ಳಿ ಅಂತ ಹೇಳುತ್ತೇನೆ. ರಾಜ್ಯಮಟ್ಟದ ಕೆ-ಸೆಟ್ ಪರೀಕ್ಷೆ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅರ್ಹತೆ ಕೊಡುತ್ತದೆ, ಫೆಲೋಶಿಪ್ ಕೊಡುವುದಿಲ್ಲ.

ನಾನು ಕನ್ನಡ ಮಾಧ್ಯಮದಲ್ಲಿ ಓದಿದ್ದು. ನನಗೆ ಆಗುತ್ತಾ?

ಆಗುತ್ತದೆ. ಈ ಪ್ರಶ್ನೆಯನ್ನು ತಲೆ ತಗ್ಗಿಸಿ ಕೇಳುತ್ತಾರೆ. ತಗ್ಗಿಸಬೇಡಿ.

ನಾನೂ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವಳು. ಸರಾಸರಿ, ಮಧ್ಯಾಂಕ, ಸಂಭವನೀಯತೆ ಈ ಪದಗಳು ನನ್ನೊಳಗೆ ಇಂಗ್ಲಿಷಿಗಿಂತ ಮೊದಲು ಕೂತವು. ಇವತ್ತಿಗೂ ಒಂದು ಹೊಸ ವಿಧಾನ ಅರ್ಥ ಮಾಡಿಕೊಳ್ಳುವಾಗ ಕನ್ನಡದಲ್ಲೇ ಒಂದು ಸಲ ಹೇಳಿಕೊಳ್ಳುತ್ತೇನೆ. ನಮ್ಮ ಗುಂಪಿನಲ್ಲಿ ಚರ್ಚೆ ಕನ್ನಡದಲ್ಲೇ ನಡೆಯುತ್ತದೆ. ಕನ್ನಡ ಬಾರದವರು ಇದ್ದ ದಿನ ಇಂಗ್ಲಿಷಿಗೆ ಹೊರಳುತ್ತೇವೆ. ರೈತರ ಹತ್ತಿರ ಮಾತಾಡುವಾಗ, ಪಹಣಿ ಓದುವಾಗ, ಪಂಚಾಯಿತಿ ಕಚೇರಿಯಲ್ಲಿ ಕೂತು ಹಳೆ ಪುಸ್ತಕ ತೆಗೆಸುವಾಗ ಕನ್ನಡ ಚೆನ್ನಾಗಿ ಬರುವವರೇ ಮುಂದೆ. "ಮುಂಗಾರು ಕೈಕೊಟ್ಟು ಎರಡನೇ ಸಲ ಬಿತ್ತಿದ್ವಿ" ಅಂತ ಒಬ್ಬ ರೈತ ಹೇಳಿದರೆ, ಇಳುವರಿ ಯಾಕೆ ಕುಸಿಯಿತು ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಇಂಗ್ಲಿಷ್ ಬೇಡ ಅಂತ ಹೇಳುತ್ತಿಲ್ಲ. ಸಂಶೋಧನಾ ಪೇಪರ್ ಓದಲು, ಬರೆಯಲು ಅದು ಬೇಕೇ ಬೇಕು. ಮೊದಲ ವರ್ಷ ಪ್ರತಿ ಶನಿವಾರ ಒಂದು ಪೇಪರ್ ಜೊತೆಗೆ ಕೂತು ಓದುತ್ತೇವೆ. ಒಬ್ಬರು ಒಂದು ಪ್ಯಾರಾ ಓದಿ, ಅದನ್ನು ಕನ್ನಡದಲ್ಲಿ ಹೇಳಬೇಕು. ಹೇಳಲು ತಡವರಿಸಿದರೆ ಅಲ್ಲಿ ಅರ್ಥ ಆಗಿಲ್ಲ ಅಂತ ಲೆಕ್ಕ. ಆರು ತಿಂಗಳಲ್ಲಿ ಓದುವ ಭಯ ಹೋಗುತ್ತದೆ. ಬರೆಯುವ ಭಯ ಹೋಗಲು ಎರಡು ವರ್ಷ ಬೇಕು. ಅಷ್ಟು ಸಮಯ ಕೊಡಿ.

ಗಣಿತ ಎಷ್ಟು ಬರಬೇಕು?

ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ, ಸ್ವಲ್ಪ ಕಲನಶಾಸ್ತ್ರ. ಮರೆತಿದ್ದರೆ ಪರವಾಗಿಲ್ಲ. ಐಐಟಿ, ಐಐಎಸ್‌ಸಿ ಪ್ರಾಧ್ಯಾಪಕರ ಪಾಠಗಳು ಎನ್‌ಪಿಟೆಲ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನೋಡಿದರೆ ಸಾಲದು, ಪೆನ್ನು ಹಿಡಿದು ಲೆಕ್ಕ ಮಾಡಿ.

ದುಬಾರಿ ಲ್ಯಾಪ್‌ಟಾಪ್ ತೆಗೆದುಕೊಳ್ಳಬೇಕಾ?

ಬೇಡ. ಸಾಲ ಮಾಡಬೇಡಿ. ದೊಡ್ಡ ಲೆಕ್ಕಕ್ಕೆ ಲ್ಯಾಬ್ ಇದೆ.

ನಿಮ್ಮ ಕ್ಲಾಸ್ ಹೇಗಿರುತ್ತದೆ?

ಎಂ.ಎಸ್ಸಿ. ಮೊದಲ ಎರಡು ವಾರ ಕಂಪ್ಯೂಟರ್ ಮುಟ್ಟುವುದಿಲ್ಲ. ಪ್ರತಿಯೊಬ್ಬರಿಗೂ ಅವರವರ ತಾಲ್ಲೂಕಿನ 30 ವರ್ಷದ ಜೂನ್ ಮಳೆಯ ಪಟ್ಟಿ ಕೊಡುತ್ತೇನೆ. ಗ್ರಾಫ್ ಹಾಳೆ, ಪೆನ್ಸಿಲ್, ಅಷ್ಟೇ. ಸರಾಸರಿ ತೆಗೆಯಿರಿ, ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಅಂಕಿ) ತೆಗೆಯಿರಿ. ಒಣ ಸೀಮೆಯ ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಸರಾಸರಿಯೇ ದೊಡ್ಡದು ಬರುತ್ತದೆ. ಯಾಕೆ? ಭಾರೀ ಮಳೆ ಸುರಿದ ಎರಡು ಮೂರು ವರ್ಷ ಸರಾಸರಿಯನ್ನು ಮೇಲಕ್ಕೆ ಎಳೆದಿರುತ್ತವೆ. ಅಂದರೆ ಅರ್ಧಕ್ಕಿಂತ ಹೆಚ್ಚು ವರ್ಷಗಳಲ್ಲಿ ಆ ಊರಿಗೆ "ಸರಾಸರಿ ಮಳೆ" ಬಂದೇ ಇಲ್ಲ! ಈ ಮಾತು ಹೊಳೆದಾಗ ಕ್ಲಾಸಿನಲ್ಲಿ ಒಂದು ಗುಜುಗುಜು ಏಳುತ್ತದೆ. ಆ ಗುಜುಗುಜು ಕೇಳಲು ನಾನು ಇಡೀ ವರ್ಷ ಕಾಯುತ್ತೇನೆ.

ಆಮೇಲೆ ಪೈಥಾನ್ ಅನ್ನುವ ಕೋಡಿಂಗ್ ಭಾಷೆ, ಆಮೇಲೆ ಮಾಡೆಲ್‌ಗಳು, ಅಂದರೆ ಹಳೆಯ ಡೇಟಾದಿಂದ ಕಲಿತು ಅಂದಾಜು ಹೇಳುವ ಪ್ರೋಗ್ರಾಂಗಳು. ಎಲ್ಲಕ್ಕಿಂತ ಹೆಚ್ಚು ಸಮಯ ಕೊಡುವುದು ಪರೀಕ್ಷೆಯ ಡೇಟಾ ಬೇರೆ ಇಡುವುದಕ್ಕೆ. ಮಾಡೆಲ್‌ಗೆ ಕಲಿಸಲು ಒಂದಿಷ್ಟು ಡೇಟಾ ಕೊಡುತ್ತೇವೆ, ಅದು ಕಲಿಯಿತಾ ಅಂತ ನೋಡಲು ಇನ್ನೊಂದಿಷ್ಟನ್ನು ಎತ್ತಿಡುತ್ತೇವೆ. ಹೆಚ್ಚಿನವರು ಎಲ್ಲ ಸಾಲುಗಳನ್ನೂ ಇಸ್ಪೀಟು ಕಲಸಿದ ಹಾಗೆ ಕಲಸಿ ಎರಡು ಭಾಗ ಮಾಡುತ್ತಾರೆ. ಮಳೆ-ಬೆಳೆ ಡೇಟಾದಲ್ಲಿ ಇದು ದೊಡ್ಡ ತಪ್ಪು. ಒಂದೇ ವರ್ಷದ ಅಕ್ಕಪಕ್ಕದ ಎರಡು ಪಂಚಾಯಿತಿಗಳು, ಒಂದು ಕಲಿಯುವ ಕಡೆ, ಇನ್ನೊಂದು ಪರೀಕ್ಷೆಯ ಕಡೆ ಹೋಗುತ್ತವೆ. ಎರಡರ ಮಳೆಯೂ ಒಂದೇ ಥರ, ಇಳುವರಿಯೂ ಒಂದೇ ಥರ. ಪ್ರಶ್ನೆಪತ್ರಿಕೆ ಹಿಂದಿನ ದಿನವೇ ಕೈಗೆ ಸಿಕ್ಕಿದಂತೆ. ಅಂಕ ಚೆನ್ನಾಗಿ ಬರುತ್ತದೆ, ಕಲಿತದ್ದು ಏನೂ ಇಲ್ಲ.

ಅದಕ್ಕೆ ನಾವು ಇಡೀ ವರ್ಷವನ್ನೇ ಎತ್ತಿಡುತ್ತೇವೆ. ಈಗ 2023 ಅನ್ನು ಇಟ್ಟಿದ್ದೇವೆ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತ್ತು. ಒಳ್ಳೆಯ ವರ್ಷಗಳಲ್ಲಿ ಕಲಿತ ಮಾಡೆಲ್ ಅಂಥ ವರ್ಷದ ಎದುರು ನಿಂತಾಗ ಅದರ ನಿಜವಾದ ಬಲ ಗೊತ್ತಾಗುತ್ತದೆ. ವಿದ್ಯಾರ್ಥಿಗಳು ಮೊದಲ ಸಲ ಆ ಫಲಿತಾಂಶ ನೋಡಿ ಬೇಜಾರು ಮಾಡಿಕೊಳ್ಳುತ್ತಾರೆ. ರೈತನಿಗೆ ಈ ಲೆಕ್ಕ ಬೇಕಾಗುವುದೇ ಬರದ ವರ್ಷದಲ್ಲಿ ಅಲ್ವಾ? ಮಳೆ ಚೆನ್ನಾಗಿ ಆದ ವರ್ಷ ನಮ್ಮ ಮಾಡೆಲ್ ಯಾರಿಗೆ ಬೇಕು?

ಚಾಟ್‌ಜಿಪಿಟಿ, ಅಂಥ ಎಐ ಬಳಸಬಹುದಾ?

ಕೋಡ್ ಬರೆಯಲು ಬಳಸಿ. ಒಂದೇ ಷರತ್ತು. ಯಾವ ಸಾಲಿನ ಮೇಲೆ ನಾನು ಬೆರಳಿಟ್ಟರೂ ಅದು ಏನು ಮಾಡುತ್ತದೆ ಅಂತ ಹೇಳಬೇಕು. ಮೊದಲ ಸೆಮಿಸ್ಟರ್‌ನಲ್ಲಿ ಮಾತ್ರ ಬೇಡ. ಈಜು ಕಲಿಯುವಾಗ ಬೆನ್ನಿಗೆ ಕಟ್ಟಿದ ಸೋರೆಬುರುಡೆಯನ್ನು ಒಂದು ದಿನ ಬಿಚ್ಚಲೇಬೇಕು. ಬಿಚ್ಚಲು ಕಲಿಯದವರನ್ನು ನಾನು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ನೋಡಿದ್ದೇನೆ, ಬಹಳ ಕಷ್ಟಪಡುತ್ತಾರೆ.

ಥೀಸಿಸ್‌ನ ಬರಹ ನಿಮ್ಮದೇ ಇರಬೇಕು. ಇಂಗ್ಲಿಷ್ ತಿದ್ದಿಸಿಕೊಂಡರೆ ಅದನ್ನು ಹೇಳಿ. ರೈತರ ಹೆಸರು, ಸರ್ವೆ ನಂಬರ್, ಫೋನ್ ನಂಬರ್ ಇರುವ ಫೈಲ್ ಅನ್ನು ಇಂಥ ಯಾವುದಕ್ಕೂ ಹಾಕಬಾರದು. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾನೂನೇ ಬಂದಿದೆ. ಕಾನೂನು ಇರಲಿ ಬಿಡಲಿ, ಅವರು ನಮ್ಮನ್ನು ನಂಬಿ ಕೊಟ್ಟದ್ದು ಅದು. ಫೈಲ್ ಕೈಗೆ ಬಂದ ದಿನವೇ ಹೆಸರು ತೆಗೆದು ಬೇರೆ ಸಂಕೇತ ಹಾಕುತ್ತೇವೆ.

ಸಂಶೋಧನೆಯ ವಿಷಯ ನಾನೇ ಆರಿಸಬಹುದಾ?

ಆರಿಸಬೇಕು. ಸೇರಿದ ದಿನವೇ ಬೇಡ. ಮೊದಲ ಆರೇಳು ತಿಂಗಳು ನಮ್ಮ ಗುಂಪಿನ ಯಾವುದಾದರೂ ಹಳೆಯ ಕೆಲಸವನ್ನು ಮತ್ತೆ ಮಾಡಿ ಅದೇ ಉತ್ತರ ಬರುತ್ತದಾ ನೋಡಿ. ಬಾರದಿದ್ದರೆ ಅಲ್ಲೇ ನಿಮ್ಮ ಪ್ರಶ್ನೆ ಸಿಗಬಹುದು. ಶೋಧಗಂಗಾ ಜಾಲತಾಣದಲ್ಲಿ ಬೇರೆ ವಿಶ್ವವಿದ್ಯಾಲಯಗಳ ಥೀಸಿಸ್‌ಗಳಿವೆ. ನಿಮ್ಮ ವಿಷಯಕ್ಕೆ ಹತ್ತಿರದ ಐದಾರನ್ನು ಓದಿ. ಏನು ಮಾಡಿದ್ದಾರೆ ಅನ್ನುವುದರ ಜೊತೆಗೆ ಎಲ್ಲಿ ನಿಲ್ಲಿಸಿದ್ದಾರೆ ಅಂತ ನೋಡಿ.

ನಿಮ್ಮ ಊರಿನ ವಿಷಯ ತಂದರೆ ನನಗೆ ಖುಷಿ. ಅಡಿಕೆ ಸೀಮೆಯ ಹುಡುಗ ಕೊಳೆ ರೋಗದ ಬಗ್ಗೆ ಕೇಳುವ ಪ್ರಶ್ನೆಯಲ್ಲಿ ಇರುವ ಕಸುವು, ನಾನು ಕೊಟ್ಟ ವಿಷಯದಲ್ಲಿ ಇರುವುದಿಲ್ಲ.

ಎಷ್ಟು ದಿನಕ್ಕೊಮ್ಮೆ ಭೇಟಿ ಆಗಬೇಕು?

ವಾರಕ್ಕೆ ಒಂದು ಸಲ, ಒಬ್ಬೊಬ್ಬರ ಜೊತೆ 45 ನಿಮಿಷ. ಹಿಂದಿನ ರಾತ್ರಿ ಒಂದು ಪುಟ ಕಳಿಸಿ. ಈ ವಾರ ಏನು ನೋಡಿದೆ, ಎಲ್ಲಿ ಸಿಕ್ಕಿಕೊಂಡೆ, ಮುಂದೆ ಏನು. ಏನೂ ಆಗಿಲ್ಲದಿದ್ದರೆ ಏನೂ ಆಗಿಲ್ಲ ಅಂತಲೇ ಬರೆಯಿರಿ. ಆ ವಾರದ ಭೇಟಿ ಮಾತ್ರ ತಪ್ಪಿಸಬೇಡಿ. ಏನೂ ಆಗದ ವಾರದಲ್ಲೇ ಗೈಡ್ ಬೇಕಾಗುವುದು. ಹೊರಗಿನಿಂದ ನೋಡುವವರೂ ಇರಲಿ ಅಂತ ನಿಯಮದಲ್ಲೇ ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿ ಮುಂದೆ ಹೇಳಬೇಕು ಅಂತ ಇದೆ.

ಗೈಡ್ ಮನೆಯ ಕೆಲಸ, ಬ್ಯಾಂಕ್ ಕೆಲಸ, ಮಕ್ಕಳ ಸ್ಕೂಲ್ ಕೆಲಸ ವಿದ್ಯಾರ್ಥಿಯದಲ್ಲ. ನಮ್ಮ ಗುಂಪಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿಯೇ ಶುರು ಮಾಡುತ್ತೇನೆ.

ಎಷ್ಟು ಪೇಪರ್ ಆಗಬೇಕು?

ಯುಜಿಸಿಯ 2016ರ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಒಂದು ಜರ್ನಲ್ ಪೇಪರ್ ಕಡ್ಡಾಯ ಇತ್ತು. 2022ರ ನಿಯಮ ಆ ಕಡ್ಡಾಯವನ್ನು ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯ ತನ್ನ ಕಡೆಯಿಂದ ಇಟ್ಟಿರಬಹುದು, ಕೇಳಿಕೊಳ್ಳಿ. ನಾನು ಎರಡು ಒಳ್ಳೆಯ ಪೇಪರ್ ಅಂತ ಹೇಳುತ್ತೇನೆ.

ದುಡ್ಡು ತೆಗೆದುಕೊಂಡು ವಾರದಲ್ಲಿ ಛಾಪಿಸುವ ಜರ್ನಲ್‌ಗಳ ಕಡೆ ಹೋಗಬೇಡಿ. ಒಳ್ಳೆಯ ಜರ್ನಲ್‌ಗಳನ್ನು ಹೇಳುತ್ತಿದ್ದ ತನ್ನ ಕೇರ್ ಪಟ್ಟಿಯನ್ನು ಯುಜಿಸಿ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದೆ. ಈಗ ಜರ್ನಲ್ ಒಳ್ಳೆಯದಾ ಅಂತ ನಾವೇ ತೂಗಿ ನೋಡಬೇಕು. ನಾನು ನೋಡುವುದು ಇಷ್ಟು. ನಮ್ಮ ವಿಷಯದ ನುರಿತವರು ಅದರಲ್ಲಿ ಬರೆಯುತ್ತಾರಾ? ಪರಿಶೀಲಕರ ಪ್ರಶ್ನೆಗಳು ನಿಜವಾಗಿ ಓದಿ ಕೇಳಿದ ಹಾಗಿವೆಯಾ? ನಮ್ಮ ಒಂದು ಪೇಪರ್ ಮೂರು ಸಲ ತಿರಸ್ಕಾರ ಆಗಿ ನಾಲ್ಕನೇ ಕಡೆ ಬಂತು. ಮೂರು ಸಲವೂ ಅದು ಮೊದಲಿಗಿಂತ ಚೆನ್ನಾಯಿತು.

ಫೆಲೋಶಿಪ್ ಎಷ್ಟು ಬರುತ್ತದೆ? ಅದರಲ್ಲಿ ಬದುಕಬಹುದಾ?

2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋ) ಆದ ಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಸಮಸ್ಯೆ ಏನೆಂದರೆ ಹಣ ಪ್ರತಿ ತಿಂಗಳೂ ಸರಿಯಾಗಿ ಬರುವುದಿಲ್ಲ. ಮೂರು ನಾಲ್ಕು ತಿಂಗಳದ್ದು ಒಟ್ಟಿಗೆ ಬಂದ ಉದಾಹರಣೆ ನಮ್ಮಲ್ಲೇ ಇದೆ. ಹಾಗಾಗಿ ಮೊದಲ ಕಂತು ಬಂದಾಗ ಮೂರು ತಿಂಗಳ ಖರ್ಚು ಎತ್ತಿಡಿ. ಮನೆಯಲ್ಲಿ ಸಾಲ ಇದ್ದರೆ, ನಿಮ್ಮ ಸಂಬಳಕ್ಕೆ ಕಾಯುತ್ತಿದ್ದರೆ, ಸೇರುವ ಮೊದಲೇ ಅದನ್ನು ನನಗೆ ಹೇಳಿ. ನಾಚಿಕೆ ಪಡುವ ವಿಷಯ ಅಲ್ಲ. ಕೆಲವರಿಗೆ "ಮೊದಲು ಎರಡು ವರ್ಷ ಕೆಲಸ ಮಾಡಿ ಬನ್ನಿ" ಅಂದಿದ್ದೇನೆ. ಒಬ್ಬರು ನಿಜವಾಗಿಯೂ ಮರಳಿ ಬಂದರು.

ಮದುವೆ ಆಗಿದೆ, ಮಗು ಇದೆ. ಸೇರಬಹುದಾ?

ಖಂಡಿತ. ಮಹಿಳೆಯರಿಗೆ ಪಿಎಚ್‌ಡಿ ಅವಧಿಯಲ್ಲಿ ಹೆಚ್ಚುವರಿ 2 ವರ್ಷ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದವರೆಗೆ ರಜೆ ಇದೆ. ಇದು ಯಾರೋ ಮಾಡುವ ಉಪಕಾರ ಅಲ್ಲ, ನಿಯಮದಲ್ಲೇ ಇರುವುದು. ಕೇಳಿ ಪಡೆಯಿರಿ. ಸಂದರ್ಶನದಲ್ಲಿ "ಮಕ್ಕಳನ್ನು ಯಾರು ನೋಡಿಕೊಳ್ತಾರೆ" ಅಂತ ಹೆಣ್ಣುಮಕ್ಕಳನ್ನು ಮಾತ್ರ ಕೇಳುವುದನ್ನು ನಾನು ಕೇಳಿಸಿಕೊಂಡಿದ್ದೇನೆ. ನಾನಿರುವ ಕಡೆ ಆ ಪ್ರಶ್ನೆಗೆ ಜಾಗ ಇಲ್ಲ.

ಎರಡು ವರ್ಷ ಆಯಿತು. ಏನೂ ಆಗುತ್ತಿಲ್ಲ ಅನ್ನಿಸುತ್ತಿದೆ. ಏನು ಮಾಡಲಿ?

ಈ ಪ್ರಶ್ನೆಯನ್ನು ಯಾರೂ ಕಚೇರಿಯಲ್ಲಿ ಕೇಳುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬರುತ್ತದೆ. ಅಥವಾ ಬರುವುದೇ ಇಲ್ಲ, ವಾರದ ಒಂದು ಪುಟ ನಿಂತುಹೋಗುತ್ತದೆ. ಪುಟ ನಿಂತರೆ ನಾನೇ ಫೋನ್ ಮಾಡುತ್ತೇನೆ.

ಎರಡನೇ, ಮೂರನೇ ವರ್ಷದಲ್ಲಿ ಹೆಚ್ಚಿನವರಿಗೆ ಹೀಗಾಗುತ್ತದೆ. ಕೋರ್ಸ್‌ವರ್ಕ್ ಮುಗಿದಿರುತ್ತದೆ, ಫಲಿತಾಂಶ ಬಂದಿರುವುದಿಲ್ಲ. ಜೊತೆಗೆ ಓದಿದವರು ಬೆಂಗಳೂರಿನಲ್ಲಿ ಕಾರು ತೆಗೆದುಕೊಂಡಿರುತ್ತಾರೆ. ಊರಿಗೆ ಹೋದರೆ "ಇನ್ನೂ ಓದ್ತಾ ಇದೀಯಾ?" ಅಂತ ಕೇಳುತ್ತಾರೆ. ಹಬ್ಬಕ್ಕೂ ಊರಿಗೆ ಹೋಗುವುದನ್ನು ನಿಲ್ಲಿಸಿದ ಒಬ್ಬ ಹುಡುಗನನ್ನು ನಾನು ಕಂಡಿದ್ದೇನೆ. ಆತನಿಗೆ ನಾನು ಹೊಸ ಮಾಡೆಲ್ ಏನೂ ಹೇಳಲಿಲ್ಲ. ಕೆಲಸವನ್ನು ಬಹಳ ಚಿಕ್ಕದು ಮಾಡಿಕೊಟ್ಟೆ. ಒಂದು ತಾಲ್ಲೂಕು, ಒಂದು ಬೆಳೆ, ಹತ್ತು ವರ್ಷ. ಒಂದು ಗ್ರಾಫ್ ಚಿತ್ರ ಬರೆದು ತಾ ಅಂದೆ. ಚಿತ್ರ ಬಂತು. ಮುಂದಿನ ವಾರ ಇನ್ನೊಂದು. ಎಂಟು ವಾರಕ್ಕೆ ಒಂದು ಅಧ್ಯಾಯದ ಅಸ್ಥಿಪಂಜರ ಕಂಡಿತು.

ನಿದ್ದೆ ಬರದೆ, ಊಟ ಸೇರದೆ, ಬದುಕುವುದೇ ಬೇಡ ಅನ್ನಿಸುವ ಮಟ್ಟಕ್ಕೆ ಹೋದರೆ ಅದು ಥೀಸಿಸ್ ವಿಷಯ ಅಲ್ಲ, ಆರೋಗ್ಯದ ವಿಷಯ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ನನಗೂ ಹೇಳಿ. ಜ್ವರ ಬಂದರೆ ರಜೆ ಕೊಡುವ ಹಾಗೆಯೇ ಇದಕ್ಕೂ ಕೊಡುತ್ತೇನೆ, ಕಾರಣ ಯಾರಿಗೂ ಹೇಳುವುದಿಲ್ಲ.

ಗೈಡ್ ಜೊತೆ ಹೊಂದಿಕೆ ಆಗದಿದ್ದರೆ? ಮಧ್ಯದಲ್ಲಿ ಬಿಡಬಹುದಾ?

ಗೈಡ್ ಬದಲಾಯಿಸಲು ಅವಕಾಶ ಇದೆ. ವಿಭಾಗದ ಮುಖ್ಯಸ್ಥರಿಗೆ, ಸಲಹಾ ಸಮಿತಿಗೆ ಬರವಣಿಗೆಯಲ್ಲಿ ಕೊಡಿ. ನನ್ನನ್ನು ಬಿಟ್ಟು ಬೇರೆಯವರ ಹತ್ತಿರ ಹೋದ ಒಬ್ಬರು ಅಲ್ಲಿ ಚೆನ್ನಾಗಿ ಬೆಳೆದರು. ಅವರ ವಿಷಯ ಚಿತ್ರಗಳ ವಿಶ್ಲೇಷಣೆಯ ಕಡೆಗೆ ಹೊರಳಿತ್ತು, ನನಗೆ ಅದು ಅಷ್ಟು ಬರುತ್ತಿರಲಿಲ್ಲ.

ಬಿಡುವುದಾದರೆ ಹೇಳಿ ಬಿಡಿ. ಮಾಡಿದ ಕೆಲಸದ ಫೈಲ್, ಕೋಡ್, ಟಿಪ್ಪಣಿ ಎಲ್ಲ ಜೋಡಿಸಿ ಇಡೋಣ. ಅದರ ಮೇಲೆ ನಿಮ್ಮ ಹೆಸರು ಉಳಿಯುತ್ತದೆ.

ಪಿಎಚ್‌ಡಿ ಆದ ಮೇಲೆ ಏನು ಕೆಲಸ?

ಕಾಲೇಜು, ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಬೇಕಿದ್ದರೆ ನೆಟ್ ಅಥವಾ ಸೆಟ್ ಮಾಡಿಕೊಳ್ಳಿ. 2023ರ ಜುಲೈನಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅದೇ ಕನಿಷ್ಠ ಅರ್ಹತೆ. ವಿಮೆ, ಬ್ಯಾಂಕ್, ಹವಾಮಾನ, ಉಪಗ್ರಹ ಚಿತ್ರಗಳ ಕಂಪನಿಗಳಲ್ಲಿ ಕೆಲಸ ಇದೆ. ಸಂಖ್ಯಾಶಾಸ್ತ್ರ ಓದಿದವರು ಯುಪಿಎಸ್‌ಸಿ ನಡೆಸುವ ಭಾರತೀಯ ಸಂಖ್ಯಾಶಾಸ್ತ್ರ ಸೇವೆಯ ಪರೀಕ್ಷೆ ಬರೆಯಬಹುದು, ಅದಕ್ಕೆ ವಯಸ್ಸಿನ ಮಿತಿ 30 ಅನ್ನುವುದು ನೆನಪಿರಲಿ. ದೊಡ್ಡ ಸಂಬಳ ಒಂದೇ ಗುರಿಯಾಗಿದ್ದರೆ ಎಂ.ಎಸ್ಸಿ. ಮುಗಿಸಿ ನೇರ ಕೆಲಸಕ್ಕೆ ಹೋಗಿ. ಐದು ವರ್ಷ ಒಂದೇ ಪ್ರಶ್ನೆಯ ಜೊತೆ ಕೂರಲು ಬೇರೆ ಕಾರಣ ಬೇಕು.

ಶಿಫಾರಸು ಪತ್ರ ಕೊಡುತ್ತೀರಾ?

ನನ್ನ ಜೊತೆ ಕೆಲಸ ಮಾಡಿದ್ದರೆ ಕೊಡುತ್ತೇನೆ. ಮೂರು ವಾರ ಮೊದಲು ಹೇಳಿ. ನೀವೇ ಬರೆದು ತಂದ ಪತ್ರಕ್ಕೆ ಸಹಿ ಹಾಕುವುದಿಲ್ಲ.

ಮೊದಲ ಮೇಲ್‌ನಲ್ಲಿ ಏನು ಬರೆಯಬೇಕು?

"ಗೌರವಾನ್ವಿತ ಸರ್/ಮೇಡಂ" ಅಂತ ಐವತ್ತು ಜನರಿಗೆ ಒಟ್ಟಿಗೆ ಕಳಿಸಿದ ಮೇಲ್ ನೋಡಿದ ಕೂಡಲೇ ಗೊತ್ತಾಗುತ್ತದೆ. ಅದರ ಬದಲು ಅರ್ಧ ಪುಟ ಬರೆಯಿರಿ, ಕನ್ನಡದಲ್ಲೇ ಆದರೂ ಸರಿ. ಏನು ಓದಿದ್ದೀರಿ, ಯಾವ ಊರು, ಯಾವ ಪ್ರಶ್ನೆ ನಿಮ್ಮನ್ನು ಕಾಡುತ್ತಿದೆ. ಜೊತೆಗೆ ಒಂದು ಸಣ್ಣ ಕೆಲಸ ಮಾಡಿ ಕಳಿಸಿ. ನಿಮ್ಮೂರಿಗೆ ಹತ್ತಿರದ ಮಳೆಮಾಪಕ ಎಲ್ಲಿದೆ ಅಂತ ಹುಡುಕಿ, ಹೋಗಿ ನೋಡಿ ಬನ್ನಿ. ಸುತ್ತ ಮರ ಇದೆಯಾ, ಗೋಡೆ ಇದೆಯಾ, ದಿನಾ ಯಾರು ನೋಡುತ್ತಾರೆ, ಯಂತ್ರವೇ ಲೆಕ್ಕ ಕಳಿಸುತ್ತದಾ? ಕಂಡದ್ದನ್ನು ಹತ್ತು ಸಾಲಿನಲ್ಲಿ ಬರೆಯಿರಿ. ಅಂಕಪಟ್ಟಿಗಿಂತ ಮೊದಲು ನಾನು ಓದುವುದು ಆ ಹತ್ತು ಸಾಲನ್ನು. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಇನ್ನೊಂದು ಸಲ ಕಳಿಸಿ, ಪರೀಕ್ಷೆಗಳ ಸಮಯದಲ್ಲಿ ಮೇಲ್ ಕಣ್ತಪ್ಪಿ ಹೋಗುತ್ತದೆ.